ಇಬ್ಬರು ಸಲಹೆಗಾರರು, ಎರಡು ಪುಸ್ತಕಗಳು

ಮಂತ್ರಿ ಎಂದೊಡನೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವವನು ದುಷ್ಟಬುದ್ಧಿ. ಲಕ್ಷ್ಮೀಶನ ಜೈಮಿನಿ ಭಾರತವನ್ನು ತೆರೆದು ನೋಡದವರೂ ಬಯಲಾಟದಲ್ಲಿ ಅವನನ್ನು ಕಂಡಿದ್ದಾರೆ. ಚಂದ್ರಹಾಸನ ಕೈಯಲ್ಲೇ ಚಂದ್ರಹಾಸನ ಮರಣದ ಓಲೆಯನ್ನು ಕೊಟ್ಟು ಕಳುಹಿಸಿದ ಆ ಮಂತ್ರಿಯ ಕುತಂತ್ರ, ‘ವಿಷ’ವನ್ನು ‘ವಿಷಯೆ’ ಮಾಡಿದ ಅವನ ಮಗಳ ಜಾಣ್ಮೆ, ಎರಡನ್ನೂ ನಾವು ನಿದ್ದೆಗೆಟ್ಟು ನೋಡಿ ಮೆಚ್ಚಿದವರು. ಕೆಂಪುನಾರಾಯಣನ ‘ಮುದ್ರಾಮಂಜೂಷ’ (೧೮೨೩) ಓದಿದವರಿಗೆ ಚಾಣಕ್ಯನೂ ರಾಕ್ಷಸನೂ ಗೊತ್ತು. ಮಾಸ್ತಿಯವರ ‘ಚಿಕವೀರರಾಜೇಂದ್ರ’ (೧೯೫೬) ಓದಿದವರಿಗೆ ಕುಂಟ ಬಸವ ಗೊತ್ತು, ಬೋಪಣ್ಣ ಗೊತ್ತು. ಒಟ್ಟಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಅರಸನ ಕಿವಿಯ ಬಳಿ ನಿಂತವನು ರಾಜ್ಯವನ್ನು ಕೆಡಿಸಬೇಕು, ಇಲ್ಲವೆ ಕಟ್ಟಬೇಕು. ಪ್ರಶ್ನೆಯೇನು, ಹಿಂದೆ ಹೀಗಾದಾಗ ಯಾರು ಏನು ಮಾಡಿದರು ಎಂಬುದನ್ನು ಶುದ್ಧವಾಗಿ ಬರೆದು ಮೇಜಿನ ಮೇಲಿಟ್ಟು, ತೀರ್ಮಾನವಾದ ಮೇಲೆ ಸುಮ್ಮನೆ ಮನೆಗೆ ಹೋಗುವ ಮನುಷ್ಯ ನಮ್ಮ ಕಾವ್ಯಕ್ಕೂ ಒದಗಲಿಲ್ಲ, ಕಾದಂಬರಿಗೂ ಒದಗಲಿಲ್ಲ. ಅಂಥವನಿಂದ ಕತೆ ಹುಟ್ಟುವುದು ಕಷ್ಟ. ಅಷ್ಟು ಮಟ್ಟಿಗೆ ಕವಿಗಳದ್ದು ತಪ್ಪಲ್ಲ.

ಅಂಥ ಇಬ್ಬರು ಬಿಟ್ಟುಹೋದ ಎರಡು ಇಂಗ್ಲಿಷ್ ಗ್ರಂಥಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದಿದೆ. ಒಂದು, ಬ್ರಿಟನ್ನಿನ ಅರಸ ಆರನೆಯ ಜಾರ್ಜನ ಖಾಸಗಿ ಕಾರ್ಯದರ್ಶಿಯಾಗಿದ್ದ ಸರ್ ಆಲನ್ ಲ್ಯಾಸೆಲ್ಸ್‌ರ ದಿನಚರಿ, ‘ಕಿಂಗ್ಸ್ ಕೌನ್ಸೆಲರ್’. ಡಫ್ ಹಾರ್ಟ್-ಡೇವಿಸ್ ಅದನ್ನು ಸಂಪಾದಿಸಿದ್ದಾರೆ, ಅಚ್ಚಾದದ್ದು ೨೦೦೬ರಲ್ಲಿ. ಇನ್ನೊಂದು, ನಮ್ಮ ಮಂಗಳೂರಿನ ಸರ್ ಬೆನಗಲ್ ನರಸಿಂಗ ರಾಯರ ಬರಹಗಳ ಸಂಗ್ರಹ, ‘ಇಂಡಿಯಾಸ್ ಕಾನ್‌ಸ್ಟಿಟ್ಯೂಷನ್ ಇನ್ ದಿ ಮೇಕಿಂಗ್’. ಅವರು ತೀರಿಕೊಂಡ ಏಳು ವರ್ಷಗಳ ಮೇಲೆ, ೧೯೬೦ರಲ್ಲಿ, ತಮ್ಮ ಬಿ. ಶಿವರಾಯರು ಅದನ್ನು ಸಂಪಾದಿಸಿ ಹೊರತಂದರು. ಸಂವಿಧಾನ ಸಭೆಯ ಸದಸ್ಯರಾಗಿದ್ದು, ಆಮೇಲೆ ಮೊದಲನೆಯ ಲೋಕಸಭೆಯಲ್ಲಿ ನಮ್ಮ ದಕ್ಷಿಣ ಕನ್ನಡವನ್ನು ಪ್ರತಿನಿಧಿಸಿದ ಪತ್ರಕರ್ತ ಶಿವರಾಯರೇ ಇವರು.

ಇವೆರಡನ್ನು ಜೋಡಿಸುವುದು ನನ್ನ ಚಪಲವೆಂದು ವಾಚಕರು ತಿಳಿಯಬಾರದು. ಇಬ್ಬರೂ ೧೮೮೭ರಲ್ಲಿ ಹುಟ್ಟಿದವರು, ರಾಯರು ಫೆಬ್ರವರಿಯಲ್ಲಿ, ಲ್ಯಾಸೆಲ್ಸ್ ಏಪ್ರಿಲಿನಲ್ಲಿ. ಇಬ್ಬರೂ ಟ್ರಿನಿಟಿ ಎಂಬ ಹೆಸರಿನ ಕಾಲೇಜುಗಳಲ್ಲಿ ಓದಿದವರು, ಒಬ್ಬರದು ಕೇಂಬ್ರಿಜ್, ಒಬ್ಬರದು ಆಕ್ಸ್‌ಫರ್ಡ್. ಇಬ್ಬರ ಕೆಲಸವೂ ಒಬ್ಬನೇ ಅರಸನ ನೆರಳಿನಲ್ಲಿ ನಡೆಯಿತು. ೧೯೪೭ರ ಆಗಸ್ಟ್ ೧೫ರಂದೇ ನಮಗೆ ಅರಸೊತ್ತಿಗೆಯ ಋಣ ಹರಿಯಿತೆಂದು ನನ್ನ ತರಗತಿಯ ಹುಡುಗರ ಎಣಿಕೆ. ಚಕ್ರವರ್ತಿ ಎಂಬ ಬಿರುದನ್ನು ಅರಸ ೧೯೪೮ರಲ್ಲಿ ಬಿಟ್ಟ; ಆದರೆ ೧೯೫೦ರ ಜನವರಿ ೨೬ರ ವರೆಗೆ ಭಾರತದ ರಾಜ ಅವನೇ. ಆ ಎರಡೂವರೆ ವರ್ಷ ದೆಹಲಿಯಲ್ಲಿ ಸಂವಿಧಾನ ಬರೆಯುತ್ತಿದ್ದವರು ಅರಸನ ಹೆಸರಿನ ನಾಡಿನಲ್ಲಿ ಕುಳಿತೇ ಅರಸನಿಲ್ಲದ ನಾಡನ್ನು ಬರೆಯುತ್ತಿದ್ದರು. ಅರಸ ಎದ್ದುಹೋದ ಪೀಠದಲ್ಲಿ ಯಾರನ್ನು ಹೇಗೆ ಕೂರಿಸಬೇಕೆಂದು ಅವರಿಗೆ ಸಲಹೆ ಕೊಡುತ್ತಿದ್ದವರು ನರಸಿಂಗ ರಾಯರು.

ಮೊದಲು ಲಂಡನ್ನಿನ ಪುಸ್ತಕ. ಬ್ರಿಟಿಷ್ ಅರಸನ ಖಾಸಗಿ ಕಾರ್ಯದರ್ಶಿ ಎಂದರೆ ಬಂದ ಕಾಗದಕ್ಕೆ ಉತ್ತರ ಬರೆಯುವ ಗುಮಾಸ್ತನಲ್ಲ. ಅರಸ ಮಂತ್ರಿಗಳು ಹೇಳಿದಂತೆ ನಡೆಯಬೇಕು. ಆದರೆ ಮಂತ್ರಿಗಳಿಗೆ ಅರಸ ಎಷ್ಟು ಹೇಳಬಹುದು, ಯಾವಾಗ ಹೇಳಬಹುದು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಅರಸನಿಗೆ ಹೇಳಬೇಕಾದವನು ಈ ಕಾರ್ಯದರ್ಶಿ. ೧೯೩೬ರ ನವೆಂಬರಿನಲ್ಲಿ ಎಂಟನೆಯ ಎಡ್ವರ್ಡನಿಗೆ ಎಚ್ಚರಿಕೆಯ ಪತ್ರ ಬರೆದ ಅಲೆಕ್ಸಾಂಡರ್ ಹಾರ್ಡಿಂಜ್ ಆ ಹುದ್ದೆಯಲ್ಲಿದ್ದವನು. ಅವನ ನಂತರ, ೧೯೪೩ರಿಂದ ೧೯೫೩ರ ವರೆಗೆ, ಲ್ಯಾಸೆಲ್ಸ್. ಒಂದು ಸ್ವಾರಸ್ಯ: ಹಾರ್ಡಿಂಜ್ ನಮ್ಮ ಒಬ್ಬ ವೈಸರಾಯನ ಮಗ, ಲ್ಯಾಸೆಲ್ಸ್ ಇನ್ನೊಬ್ಬ ವೈಸರಾಯನ, ಚೆಲ್ಮ್‌ಸ್‌ಫರ್ಡನ, ಅಳಿಯ. ಲ್ಯಾಸೆಲ್ಸ್ ಮುಂಬಯಿಯ ಗವರ್ನರನ ಹತ್ತಿರವೂ ಕೆಲವು ಕಾಲ ಚಾಕರಿ ಮಾಡಿದ್ದವರು. ಅರಮನೆಯ ಆ ಪುಟ್ಟ ಕೋಣೆಗೆ ಭಾರತದ ದಾರಿಯಾಗಿಯೇ ಬರಬೇಕೆಂಬ ನಿಯಮವಿತ್ತೋ ಏನೋ!

ಲ್ಯಾಸೆಲ್ಸ್ ಬರೆಯಬಲ್ಲವರು, ಇದನ್ನು ಒಪ್ಪಲೇಬೇಕು. ೧೯೪೪ರ ಮೇ ತಿಂಗಳ ಕೊನೆಯ ಪುಟಗಳನ್ನೇ ನೋಡಿ. ನಾರ್ಮಂಡಿಯ ಮೇಲೆ ದಂಡು ಇಳಿಯುವುದನ್ನು ಯುದ್ಧದ ಹಡಗಿನಲ್ಲಿ ನಿಂತು ನೋಡಬೇಕೆಂದು ಚರ್ಚಿಲನಿಗೆ ಹಟ. ಹಾಗಾದರೆ ನಾನೂ ಬರುತ್ತೇನೆಂದು ಅರಸನಿಗೆ ಉತ್ಸಾಹ. ಕಾರ್ಯದರ್ಶಿ ಇದು ಕೂಡದು ಎನ್ನುವಂತಿಲ್ಲ. ಆತ ಅರಸನನ್ನು ಕೇಳಿದ್ದು ಒಂದೇ ಪ್ರಶ್ನೆ. ಇಬ್ಬರೂ ಕಡಲ ತಳ ಸೇರಿದರೆ ರಾಜಕುಮಾರಿ ಎಲಿಜಬೆತ್ ಯಾರನ್ನು ಪ್ರಧಾನಿಯಾಗಿ ಆರಿಸಬೇಕು, ಅದನ್ನು ಆಕೆಗೆ ಈಗಲೇ ತಿಳಿಸಿಡುವಿರಾ ಎಂದು. ಅರಸ ಹಿಂದೆಗೆದ, ಆಮೇಲೆ ಅರಸನ ಪತ್ರಗಳೇ ಚರ್ಚಿಲನನ್ನೂ ತಡೆದವು. ಬುದ್ಧಿ ಹೇಳದೆ ಬುದ್ಧಿ ಬರಿಸುವ ಈ ವಿದ್ಯೆಯನ್ನು ನಮ್ಮ ನೀತಿಗ್ರಂಥಗಳು ಪುಟಗಟ್ಟಲೆ ಹೊಗಳುತ್ತವೆ. ಇಲ್ಲಿ ಅದು ಒಂದು ಮಧ್ಯಾಹ್ನದ ಮಾತುಕತೆಯಾಗಿ ಬಂದುಹೋಗುತ್ತದೆ.

ಆದರೆ ನಾಲ್ಕುನೂರು ಪುಟ ಓದಿದ ಮೇಲೆ ಈ ಗದ್ಯದ ಮೇಲೆ ನನಗೆ ಒಂದು ಅಸಮಾಧಾನ ಉಳಿಯಿತು. ಲ್ಯಾಸೆಲ್ಸ್‌ಗೆ ತಮ್ಮ ಮೇಲೆ ಎಂದೂ ಅನುಮಾನ ಬರುವುದಿಲ್ಲ. ಎಡ್ವರ್ಡನ ಬಗ್ಗೆ ಬರೆಯುವಾಗಲಂತೂ ಲೇಖನಿಯಲ್ಲಿ ಮಸಿಯ ಬದಲು ಆಮ್ಲವಿದೆ. ಎದುರಿಗೆ ತಲೆಬಾಗಿ, ರಾತ್ರಿ ಬಾಗಿಲು ಹಾಕಿಕೊಂಡು ಎಲ್ಲರನ್ನೂ ತೂಗಿ ನೋಡುವ ಈ ಬರವಣಿಗೆ ರುಚಿಯಾಗಿದೆ, ನಿಜ. ಟೆಲಿವಿಷನ್ನಿನ ಧಾರಾವಾಹಿಗೆ ಅವರು ಪಾತ್ರವಾಗಿ ಒದಗಿದ್ದೂ ಈ ರುಚಿಯಿಂದಲೇ ಇರಬೇಕು. ಆದರೆ ಯುದ್ಧದ ಆ ವರ್ಷಗಳಲ್ಲಿ ಲಂಡನ್ನಿನ ಬೀದಿಯ ಮನುಷ್ಯ ಹೇಗೆ ಬದುಕಿದನೆಂದು ಈ ಪುಸ್ತಕದಿಂದ ತಿಳಿಯಹೊರಟವನಿಗೆ ಸಿಗುವುದು ಬಹಳ ಕಡಮೆ.

ಅವರ ಬರಹಗಳಲ್ಲಿ ಬಹುಕಾಲ ಬಾಳಿದ್ದು ದಿನಚರಿಯೂ ಅಲ್ಲ, ಪತ್ರಿಕೆಗೆ ಬರೆದ ಒಂದು ಕಾಗದ. ೧೯೫೦ರ ಫೆಬ್ರವರಿಯ ಚುನಾವಣೆಯಲ್ಲಿ ಅಟ್ಲಿಯ ಪಕ್ಷಕ್ಕೆ ಬಂದ ಬಹುಮತ ಐದೇ ಐದು ಸ್ಥಾನದ್ದು. ಪ್ರಧಾನಿ ಮತ್ತೆ ಚುನಾವಣೆ ಕೇಳಿದರೆ ಅರಸ ಕೊಡಲೇಬೇಕೆ ಎಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ವಾದ ಎದ್ದಿತು. ಮೇ ೨ರಂದು ‘ಸೆನೆಕ್ಸ್’, ಎಂದರೆ ಲ್ಯಾಟಿನ್ನಿನಲ್ಲಿ ‘ಮುದುಕ’, ಎಂಬ ಹೆಸರಿನಿಂದ ಒಂದು ಪತ್ರ ಅಚ್ಚಾಯಿತು. ಇದ್ದ ಪಾರ್ಲಿಮೆಂಟು ಇನ್ನೂ ಕೆಲಸ ಮಾಡಬಲ್ಲುದಾದರೆ, ಚುನಾವಣೆಯಿಂದ ದೇಶದ ಹಣಕಾಸಿಗೆ ಹಾನಿಯಾಗುವಂತಿದ್ದರೆ, ಬಹುಮತದಿಂದ ರಾಜ್ಯ ನಡೆಸಬಲ್ಲ ಬೇರೊಬ್ಬ ಪ್ರಧಾನಿ ಸಿಗುವಂತಿದ್ದರೆ, ಹೀಗೆ ಮೂರೂ ಕೂಡಿಬಂದರೆ ಅರಸ ಒಲ್ಲೆ ಎನ್ನಬಹುದೆಂದು ಅದರ ಸಾರ. ಬರೆದವರು ಲ್ಯಾಸೆಲ್ಸ್. ಮುಂದೆ ದಶಕಗಟ್ಟಲೆ ಪಂಡಿತರು ಅದನ್ನು ಧರ್ಮಶಾಸ್ತ್ರದ ಸೂತ್ರದಂತೆ ಉದ್ಧರಿಸಿದರು. ವಾಚಕರ ಪತ್ರವೇ ಸಂವಿಧಾನದ ಒಂದು ತುಂಡಾಗುವ ಭಾಗ್ಯ ನಮ್ಮ ಪತ್ರಿಕೆಗಳಿಗೆ ಇನ್ನೂ ಬಂದಿಲ್ಲ! ಹಾಸ್ಯವಿರಲಿ, ಅರಸನ ಕೋಣೆಯೊಳಗೆ ಕುಳಿತವನು ಹೊರಗಿನವನಂತೆ ಮುಖ ಮುಚ್ಚಿಕೊಂಡು ಅರಸನ ಅಧಿಕಾರದ ಎಲ್ಲೆಯನ್ನು ಸಾರುವುದು ಸರಿಯೆ? ಆ ಮಾತು ಯಾರದೆಂದು ಗೊತ್ತಿದ್ದರೆ ಓದುಗ ಅದನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತಿದ್ದ.

ಇನ್ನು ನಮ್ಮವರ ಪುಸ್ತಕ. ಡಾಕ್ಟರ್ ಬೆನಗಲ್ ರಾಘವೇಂದ್ರ ರಾಯರ ಮಗ ನರಸಿಂಗ ರಾಯರು ಇಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಕಲಿತು, ಮದರಾಸಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಐ.ಸಿ.ಎಸ್. ಆದವರು. ಮದರಾಸು ಪ್ರಾಂತ್ಯದಲ್ಲಿ ನೆಂಟರಿಷ್ಟರು ಬಹಳ, ಅಲ್ಲಿ ನೇಮಕ ಬೇಡ ಎಂದು ಅವರು ಕೇಳಿಕೊಂಡರು, ಬಂಗಾಳಕ್ಕೆ ಹಾಕಿದರು. ಅಸ್ಸಾಮಿನಲ್ಲಿ ಕಾನೂನು ಕಾರ್ಯದರ್ಶಿ, ಕಲ್ಕತ್ತೆಯಲ್ಲಿ ಹೈಕೋರ್ಟು ನ್ಯಾಯಾಧೀಶ, ಕಾಶ್ಮೀರದಲ್ಲಿ ಪ್ರಧಾನಿ. ೧೯೪೬ರ ಜುಲೈಯಿಂದ ಸಂವಿಧಾನ ಸಭೆಯ ಸಲಹೆಗಾರ, ಅದೂ ಸಂಬಳವಿಲ್ಲದೆ. ೧೯೫೦ರ ಜೂನಿನಲ್ಲಿ ಕೊರಿಯದ ಯುದ್ಧ ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷ ಪೀಠದಲ್ಲಿದ್ದವರು ಇವರೇ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ ೧೯೫೩ರಲ್ಲಿ ತೀರಿಕೊಂಡರು.

ಇಷ್ಟೆಲ್ಲ ಕಂಡವರ ಪುಸ್ತಕದಲ್ಲಿ ‘ನಾನು’ ಎಂಬುದು ಇಲ್ಲವೆನ್ನುವಷ್ಟು ಕಡಮೆ. ಜ್ಞಾಪಕಪತ್ರಗಳು, ಟಿಪ್ಪಣಿಗಳು, ಪ್ರವಾಸದ ವರದಿ, ಕೆಲವು ಲೇಖನಗಳು. ನೆಹರೂ, ಪಟೇಲ್, ಅಂಬೇಡ್ಕರ್ ಇವರ ನಡುವೆ ದಿನ ಕಳೆದವರು ಯಾರ ಮುಖಭಾವವನ್ನೂ ನಮಗೆ ತೋರಿಸುವುದಿಲ್ಲ. ರಸಿಕರಿಗೆ ನಿರಾಶೆ ಖಂಡಿತ. ನನಗೂ ಮೊದಲ ನೂರು ಪುಟ ಬಿಸಿಲಿನಲ್ಲಿ ನಡೆದಂತಾಯಿತು. ಆಮೇಲೆ ಮೆಲ್ಲಗೆ ಈ ಗದ್ಯದ ಗುಣ ಗೋಚರವಾಗತೊಡಗಿತು.

೧೯೪೭ರ ಮಾರ್ಚಿನಲ್ಲಿ ಅವರು ಶಾಸನಸಭೆಗಳ ಸದಸ್ಯರಿಗೆ ಕಳುಹಿಸಿದ ಪ್ರಶ್ನಾವಳಿ ನನ್ನ ಕಣ್ಣಿಗೆ ಅವರ ಅತ್ಯುತ್ತಮ ಬರಹ. ರಾಷ್ಟ್ರದ ಮುಖ್ಯಸ್ಥನನ್ನು ಏನೆಂದು ಕರೆಯಬೇಕು? ಅವನನ್ನು ಆರಿಸುವುದು ಹೇಗೆ? ಅವನ ಅವಧಿ ಎಷ್ಟು? ಒಂದೊಂದು ಪ್ರಶ್ನೆಯ ಕೆಳಗೂ ಬೇರೆ ಬೇರೆ ದೇಶಗಳು ಏನು ಮಾಡಿವೆ ಎಂಬ ಟಿಪ್ಪಣಿ. ಉತ್ತರವನ್ನು ಪ್ರಶ್ನೆಯ ಹೊಟ್ಟೆಯಲ್ಲೇ ಅಡಗಿಸಿಡುವ ವಕೀಲಿ ಚಾತುರ್ಯ ಅದರಲ್ಲಿಲ್ಲ. ನಾಲ್ಕು ಸಾವಿರ ಪುಟ ಓದಿದವನು ಓದದವನ ಎದುರು ಜಂಬಪಡದೆ ಪುಸ್ತಕಗಳನ್ನು ತೆರೆದಿಟ್ಟ ಹಾಗೆ. ಪಾಠ ಹೇಳುವುದೇ ಕಸುಬಾದ ನನ್ನಂಥವರು ಇದನ್ನು ಆಗಾಗ ಓದಿಕೊಳ್ಳುವುದು ಒಳ್ಳೆಯದು.

ಆ ವರ್ಷದ ಮೇ ತಿಂಗಳ ಜ್ಞಾಪಕಪತ್ರದಲ್ಲಿ ರಾಯರು ಅಧ್ಯಕ್ಷನಿಗೆ ಕೆಲವು ವಿಶೇಷ ಹೊಣೆಗಳನ್ನು ಸೂಚಿಸಿದ್ದರು. ಶಾಂತಿಭಂಗದ ಭೀತಿ, ಅಲ್ಪಸಂಖ್ಯಾತರ ರಕ್ಷಣೆ ಮುಂತಾದ ವಿಷಯಗಳಲ್ಲಿ ಅವನು ಸ್ವಂತ ವಿವೇಚನೆಯಿಂದ ನಡೆಯಬಹುದು, ಅವನ ಬಳಿ ಹಿರಿಯರ ಒಂದು ಮಂಡಲಿ ಇರಬಹುದು ಎಂದು. ನಾಯಕರ ಸಮಿತಿ ಅದನ್ನು ಬದಿಗೆ ಸರಿಸಿತು. ಮುಂದಿನ ಬರಹಗಳಲ್ಲಿ ರಾಯರು ಆ ನಿರಾಕರಣೆಗೆ ಒಂದು ನಿಟ್ಟುಸಿರನ್ನೂ ಖರ್ಚು ಮಾಡಿಲ್ಲ. ಒಪ್ಪಿತವಾದ ವ್ಯವಸ್ಥೆಯನ್ನು, ಎಂದರೆ ಇಂಗ್ಲೆಂಡಿನ ಅರಸನಂತೆ ಮಂತ್ರಿಗಳ ಮಾತಿನ ಮೇರೆಗೆ ನಡೆಯುವ ಅಧ್ಯಕ್ಷನನ್ನು, ತಮ್ಮದೇ ಕೂಸೆಂಬಂತೆ ವಿವರಿಸಿ ಸಮರ್ಥಿಸಿದರು. ಲ್ಯಾಸೆಲ್ಸ್‌ರ ದಿನಚರಿಯಲ್ಲಿ ಇಂಥ ಸೋಲೊಂದು ಬಂದಿದ್ದರೆ ಎಷ್ಟು ಸೊಗಸಾದ ಬೈಗುಳಗಳು ನಮಗೆ ದೊರೆಯುತ್ತಿದ್ದವು!

ಇಲ್ಲಿ ಭಾಷೆಯ ಮೇಷ್ಟರಾಗಿ ಒಂದು ಮಾತು ಸೇರಿಸುತ್ತೇನೆ. ‘ಸಲಹೆ’ ಎಂದರೆ ಕನ್ನಡದಲ್ಲಿ ಬೇಕಾದರೆ ಕೇಳಬಹುದಾದ, ಬೇಡವಾದರೆ ಬಿಡಬಹುದಾದ ಮಾತು. ಇಂಗ್ಲಿಷ್ ಸಂವಿಧಾನದ ಪರಿಭಾಷೆಯಲ್ಲಿ ಮಂತ್ರಿಗಳು ಅರಸನಿಗೆ ಕೊಡುವ ‘ಅಡ್ವೈಸ್’ ಹಾಗಲ್ಲ. ರೂಪದಲ್ಲಿ ಅದು ಬಿನ್ನಹ, ಒಳಗೆ ಅಪ್ಪಣೆ. ಇಂಗ್ಲಿಷರ ಈ ಸಂಪ್ರದಾಯವನ್ನು ಬರೆಯದೆ ಬಿಟ್ಟು, ಶಬ್ದವನ್ನು ಮಾತ್ರ ನಮ್ಮ ೭೪ನೆಯ ವಿಧಿಗೆ ತಂದದ್ದರಿಂದ ಗೊಂದಲ ಉಳಿಯಿತು. ರಾಯರ ಪುಸ್ತಕಕ್ಕೆ ಮುನ್ನುಡಿ ಬರೆದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು. ಪುಸ್ತಕ ಹೊರಬಂದ ವರ್ಷವೇ, ೧೯೬೦ರ ನವೆಂಬರಿನಲ್ಲಿ, ಅದೇ ರಾಜೇಂದ್ರ ಪ್ರಸಾದರು ದೆಹಲಿಯ ಕಾನೂನು ಪಂಡಿತರ ಎದುರು, ನಮ್ಮ ರಾಷ್ಟ್ರಪತಿ ಬ್ರಿಟಿಷ್ ಅರಸನಷ್ಟೇ ಕಟ್ಟುಬಿದ್ದವನೆ ಎಂಬುದನ್ನು ಪರಿಶೀಲಿಸಬೇಕೆಂದರು. ಮಂತ್ರಿಗಳ ಮಾತು ಕಟ್ಟುಪಾಡೆಂದು ಸಂವಿಧಾನದಲ್ಲೇ ಬರೆದದ್ದು ೧೯೭೬ರ ತಿದ್ದುಪಡಿಯಲ್ಲಿ. ಒಂದು ಸಲ ಮರುಚಿಂತನೆಗೆ ಹಿಂದಿರುಗಿಸಬಹುದೆಂದು ಸೇರಿಸಿದ್ದು ೧೯೭೮ರಲ್ಲಿ. ಲಂಡನ್ನಿನ ಮುದುಕನ ಪತ್ರವೂ ಇಲ್ಲಿಯ ಈ ಗೊಂದಲವೂ ಒಂದೇ ಬೇರಿನವು. ಬರೆಯದಿದ್ದ ನಿಯಮವನ್ನು ಯಾರೋ ಒಬ್ಬರು ಬಲ್ಲೆನೆನ್ನಬೇಕಾಗುತ್ತದೆ.

ಆದರೆ ರಾಯರ ಪುಸ್ತಕದಲ್ಲಿ ನಾನು ಬಹಳ ಹೊತ್ತು ನಿಂತದ್ದು ಬೇರೊಂದು ಕಡೆ. ಸಂವಿಧಾನದ ಮೊದಲ ಕರಡುಗಳಲ್ಲಿ, ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ‘ಡ್ಯೂ ಪ್ರೋಸೆಸ್’ ಇಲ್ಲದೆ ಕಸಿಯಕೂಡದೆಂದಿತ್ತು. ಅಮೆರಿಕದಿಂದ ಬಂದ ಈ ಶಬ್ದದ ಅರ್ಥ, ನ್ಯಾಯಕ್ಕೆ ತಕ್ಕ ಕ್ರಮ. ತಕ್ಕದೋ ಅಲ್ಲವೋ ನೋಡುವವರು ನ್ಯಾಯಾಧೀಶರು. ೧೯೪೭ರ ಕೊನೆಯಲ್ಲಿ ರಾಯರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ, ಈ ಮಾತು ಪ್ರಜಾಪ್ರಭುತ್ವಕ್ಕೆ ಒಗ್ಗದು, ನ್ಯಾಯಾಧೀಶರಿಗೂ ಭಾರ ಎಂದರು. ವರದಿಯಲ್ಲಿ ಈ ಭಾಗ ಬಹಳ ಚಿಕ್ಕದು. ೧೯೪೮ರ ಆರಂಭದಲ್ಲಿ ಕರಡು ಸಮಿತಿ ಆ ಶಬ್ದವನ್ನು ತೆಗೆದು, ಜಪಾನಿನ ಹೊಸ ಸಂವಿಧಾನದ ಮಾದರಿಯಲ್ಲಿ, ‘ಕಾನೂನು ವಿಧಿಸಿದ ಕ್ರಮ’ ಎಂದು ಬರೆಯಿತು. ಎಂದರೆ ಶಾಸನಸಭೆ ಯಾವ ಕ್ರಮ ಹೇಳಿತೋ ಅದೇ ಸಾಕು. ಚಂದ್ರಹಾಸನ ಓಲೆಯಲ್ಲಿ ಒಂದಕ್ಷರ ತಿದ್ದಿ ಪ್ರಾಣ ಉಳಿಸಿದವಳ ಕತೆ ಬಲ್ಲ ನಾವು, ಒಂದು ಪದ ತಿದ್ದಿದರೆ ಏನಾಗುತ್ತದೆಂದು ಕೇಳಲೇಬೇಕಲ್ಲವೆ?

ರಾಯರ ಭಯ ಏನಿತ್ತೆಂಬುದನ್ನು ಅವರ ಬೇರೆ ಟಿಪ್ಪಣಿಗಳಿಂದ ಹೆಕ್ಕಬೇಕು. ಅಮೆರಿಕದಲ್ಲಿ ಇದೇ ಶಬ್ದವನ್ನು ಹಿಡಿದು ನ್ಯಾಯಾಲಯಗಳು ಕಾರ್ಮಿಕರ ಹಿತದ ಎಷ್ಟೋ ಕಾನೂನುಗಳನ್ನು ಹೊಡೆದುಹಾಕಿದ್ದವು. ಭಾರತದಲ್ಲಿ ಒಕ್ಕಲಿನವನಿಗೆ ಭೂಮಿ ಕೊಡುವ ಕಾನೂನು ಬಂದಾಗ ಇದೇ ಆಗಬಾರದು. ಸಮಾಜದ ಹಿತಕ್ಕೂ ಒಬ್ಬನ ಹಕ್ಕಿಗೂ ಘರ್ಷಣೆ ಬಂದರೆ ಹಿತವೇ ಗೆಲ್ಲಲೆಂದು ಅವರು ಒಂದು ತಿದ್ದುಪಡಿಯನ್ನೂ ಸೂಚಿಸಿದ್ದರು, ಅದು ಸ್ವೀಕಾರವಾಗಲಿಲ್ಲ. ಗೇಣಿಯ ಬಿಸಿ ತಟ್ಟದ ಮನೆ ನಮ್ಮ ಜಿಲ್ಲೆಯಲ್ಲಿ ಕಡಮೆ. ೧೯೭೪ರ ಭೂಸುಧಾರಣೆಯ ಕಾನೂನು ಇಲ್ಲಿ ಯಾರ ಮನೆಯಲ್ಲಿ ದೀಪ ಹಚ್ಚಿತು, ಯಾರ ಮನೆಯಲ್ಲಿ ಆರಿಸಿತು ಎಂದು ಬಲ್ಲವರಿಗೆ ರಾಯರ ಚಿಂತೆ ಪುಸ್ತಕದ ಚಿಂತೆಯೆನಿಸದು.

ಹಾಗಿದ್ದೂ ಆ ಪದದ ಬಲೆಯಲ್ಲಿ ಮೊದಲು ಸಿಕ್ಕಿಬಿದ್ದವನು ಜಮೀನುದಾರನಲ್ಲ, ಒಕ್ಕಲುಗಳ ಮುಖಂಡ. ಕಣ್ಣೂರು ಕಡೆಯ ಎ. ಕೆ. ಗೋಪಾಲನ್, ವಿಚಾರಣೆಯಿಲ್ಲದೆ ಮದರಾಸಿನ ಸೆರೆಮನೆಯಲ್ಲಿದ್ದವರು, ನೂತನ ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. ‘ಸೆನೆಕ್ಸ್’ ಪತ್ರ ಲಂಡನ್ನಿನಲ್ಲಿ ಅಚ್ಚಾದ ಅದೇ ೧೯೫೦ರ ಮೇ ತಿಂಗಳಲ್ಲಿ, ೧೯ರಂದು, ತೀರ್ಪು ಬಂತು. ಕಾನೂನು ಒಂದು ಕ್ರಮ ವಿಧಿಸಿದೆ, ಅದು ನ್ಯಾಯವೇ ಎಂದು ನಾವು ಕೇಳುವಂತಿಲ್ಲ ಎಂದಿತು ಬಹುಮತ. ಆ ಕ್ರಮದಲ್ಲಿ ಸಹಜ ನ್ಯಾಯದ ಅಂಶಗಳಿರಬೇಕೆಂದು ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು. ಗೋಪಾಲನ್ ೧೯೫೭ರಿಂದ ಮೂರು ಸಲ ಲೋಕಸಭೆಗೆ ಆಯ್ಕೆಯಾದದ್ದು ಕಾಸರಗೋಡಿನಿಂದ. ೧೯೫೬ರ ನವೆಂಬರ್ ೧ರ ತನಕ ನಮ್ಮದೇ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು! ಕ್ರಮ ನ್ಯಾಯವಾಗಿಯೂ ಇರಬೇಕೆಂಬ ಮಾತು ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ೧೯೭೮ರಲ್ಲಿ, ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ. ನಡುವೆ ತುರ್ತುಪರಿಸ್ಥಿತಿ ಬಂದು ಹೋಗಿತ್ತು. ವಿಚಾರಣೆಯಿಲ್ಲದೆ ಒಳಗಾದವರು ಈ ಊರಲ್ಲೂ ಇದ್ದರು.

ಇದಕ್ಕೆಲ್ಲ ರಾಯರನ್ನು ಹೊಣೆ ಮಾಡುವುದು ಅನ್ಯಾಯ. ಪದವನ್ನು ಬದಲಿಸಿದ್ದು ಸಮಿತಿ. ೧೯೪೮ರ ಡಿಸೆಂಬರಿನಲ್ಲಿ ಸಭೆ ಗಂಟೆಗಟ್ಟಲೆ ವಾದಿಸಿ ಒಪ್ಪಿತು. ಮುನ್ಶಿ ಮುಂತಾದವರು ಹಳೆಯ ಪದವೇ ಬೇಕೆಂದು ಹಟ ಹಿಡಿದಿದ್ದರು. ಕೊರತೆಯನ್ನು ಕೊಂಚ ತುಂಬಲು ಅಂಬೇಡ್ಕರರೇ ಮುಂದೆ ೨೨ನೆಯ ವಿಧಿಯನ್ನು ತಂದರು. ನನ್ನ ತಕರಾರು ಬರವಣಿಗೆಯ ಮೇಲೆ. ಮುಖ್ಯಸ್ಥನ ಹೆಸರೇನಿರಬೇಕೆಂಬುದಕ್ಕೆ ಹತ್ತು ದೇಶಗಳ ಉದಾಹರಣೆ ಕೊಟ್ಟವರು, ಮನುಷ್ಯನನ್ನು ಸೆರೆಯಲ್ಲಿಡುವ ವಿಷಯದಲ್ಲಿ ಒಬ್ಬ ನ್ಯಾಯಾಧೀಶನ ಸಂಭಾಷಣೆಯನ್ನು ಕೆಲವೇ ಸಾಲುಗಳಲ್ಲಿ ವರದಿ ಮಾಡಿ ಮುಂದಕ್ಕೆ ಹೋಗುತ್ತಾರೆ. ಫ್ರಾಂಕ್‌ಫರ್ಟರ್ ಹೀಗೆಂದರು, ಸರಿ. ನರಸಿಂಗ ರಾಯರು ಏನೆನ್ನುತ್ತಾರೆ? ಆಸ್ತಿಯ ಹಕ್ಕು ಬೇರೆ, ಮೈಯ ಸ್ವಾತಂತ್ರ್ಯ ಬೇರೆ ಎಂದು ಆ ಜಾಗದಲ್ಲಿ ಎರಡು ವಾಕ್ಯ ಬಿಡಿಸಿ ಬರೆಯಬಲ್ಲ ಲೇಖನಿ ಅವರದು. ‘ನಾನು’ ಎನ್ನದಿರುವ ಶೀಲ ಬೇರೆ ಕಡೆಯೆಲ್ಲ ಈ ಗದ್ಯವನ್ನು ಕಾಯ್ದಿದೆ. ಇಲ್ಲಿ ಮಾತ್ರ ಅದು ಓದುಗನ ಎದುರು ಪರದೆಯಾಗಿ ನಿಂತಿದೆ. ಲಂಡನ್ನಿನವರು ಹೆಸರು ಮರೆಸಿದರು. ಇವರು ಹೆಸರಿಟ್ಟು ಅಭಿಪ್ರಾಯ ಮರೆಸಿದರು. ಎರಡರಲ್ಲಿ ಯಾವುದು ಹೆಚ್ಚು ತೊಡಕಿನದೆಂದು ಕೇಳಿದರೆ, ಎರಡನೆಯದೆಂದೇ ನನ್ನ ಭಾವನೆ. ಸುಳ್ಳುಹೆಸರು ಒಂದು ದಿನ ಬಯಲಾಗುತ್ತದೆ.

ಈ ಮಾತು ಹೇಳಿಯೂ ಎರಡರಲ್ಲಿ ಕನ್ನಡಕ್ಕೆ ಬರಬೇಕಾದ ಪುಸ್ತಕ ರಾಯರದೇ. ಇಡೀ ಗ್ರಂಥ ಬೇಡ. ಪ್ರಶ್ನಾವಳಿ, ಸಂಸದೀಯ ಪದ್ಧತಿಯ ಮೇಲಿನ ಲೇಖನ, ಆ ಪ್ರವಾಸದ ವರದಿ, ಇಷ್ಟು ಬಂದರೆ ಇನ್ನೂರು ಪುಟದೊಳಗೆ ಮುಗಿಯುತ್ತದೆ. ಅನುವಾದಿಸುವವರು ‘ಅಡ್ವೈಸ್’ ಎಂಬಲ್ಲಿ ಕೊಂಚ ನಿಂತು ಯೋಚಿಸಬೇಕು. ಓದಹೊರಟವರು ಮುನ್ನುಡಿಯನ್ನು ಕೊನೆಗೆ ಇಟ್ಟುಕೊಂಡು ಪ್ರಶ್ನಾವಳಿಯಿಂದ ತೊಡಗಲಿ. ಪ್ರತಿ ಪ್ರಶ್ನೆಗೂ ತಮ್ಮ ಉತ್ತರವನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಆಮೇಲೆ ಟಿಪ್ಪಣಿ ನೋಡಲಿ. ಲ್ಯಾಸೆಲ್ಸ್‌ರ ದಿನಚರಿಯನ್ನು ಎಲ್ಲಿಂದ ಬೇಕಾದರೂ ತೆರೆಯಬಹುದು.